ಓದುಗರ ಪ್ರಶ್ನೆ: ಬರೆಸಿದ ಇಂಗ್ಲಿಷ್ ಪದ ಯಾಕೆ ಉಳಿಯುವುದಿಲ್ಲ?

ಐದರಿಂದ ಎಂಟನೇ ತರಗತಿಯ ಮಕ್ಕಳಿಗೆ ಇಂಗ್ಲಿಷ್ ಪದ ಕಲಿಸುವ ಬಗ್ಗೆ ಶಿಕ್ಷಕರು, ಪೋಷಕರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಪುಟ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದಾಗಿ ಕೊಟ್ಟಿದ್ದೇವೆ.

ಪ್ರಶ್ನೆ: ಆರನೇ ತರಗತಿಗೆ ಇಂಗ್ಲಿಷ್ ತೆಗೆದುಕೊಳ್ಳುತ್ತೇನೆ. ಒಂದೊಂದು ಪಾಠದಲ್ಲೂ ಇಪ್ಪತ್ತು ಇಪ್ಪತ್ತೈದು ಹೊಸ ಪದ. ಬೋರ್ಡಿನ ಮೇಲೆ ಪದ, ಅರ್ಥ ಬರೆದು ಕಾಪಿ ಮಾಡಿಸುತ್ತೇನೆ. ಶನಿವಾರದ ಡಿಕ್ಟೇಷನ್‌ನಲ್ಲಿ ಹತ್ತಕ್ಕೆ ಹತ್ತು ತೆಗೆದ ಮಕ್ಕಳೇ ತಿಂಗಳ ಮೇಲೆ ಅದೇ ಪದ ಕೇಳಿದರೆ ಮುಖ ಮುಖ ನೋಡುತ್ತಾರೆ. ವಾರಕ್ಕೆ ಎಷ್ಟು ಪದ ಕಲಿಸಬೇಕು, ಹೇಗೆ ಕಲಿಸಬೇಕು?
*ಶಿಕ್ಷಕಿ, ಹಿರಿಯ ಪ್ರಾಥಮಿಕ ಶಾಲೆ, ಚಳ್ಳಕೆರೆ ತಾಲ್ಲೂಕು*

ವಾರಕ್ಕೆ ಆರರಿಂದ ಎಂಟು. ಅದಕ್ಕಿಂತ ಹೆಚ್ಚು ಬೇಡ. ಕಡಿಮೆಯಾಯಿತು ಅನ್ನಿಸಿದರೆ ಲೆಕ್ಕ ಹಾಕಿ ನೋಡಿ. ಹಬ್ಬ, ಪರೀಕ್ಷೆ, ಕ್ರೀಡಾಕೂಟ ಎಲ್ಲ ಕಳೆದು ವರ್ಷಕ್ಕೆ 30 ವಾರ ಪಾಠ ನಡೆಯಿತು ಅಂದುಕೊಂಡರೂ ವಾರಕ್ಕೆ 8ರಂತೆ 240 ಪದ. ಐದರಿಂದ ಎಂಟರವರೆಗೆ ನಾಲ್ಕು ವರ್ಷಕ್ಕೆ 960. ಬಂಗಾಳದಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಮಾಡಿದ್ದ ಮೈಕೆಲ್ ವೆಸ್ಟ್ 1953ರಲ್ಲಿ ಪ್ರಕಟಿಸಿದ ಪದಪಟ್ಟಿಯಲ್ಲಿ ಇದ್ದದ್ದೇ ಸುಮಾರು 2,000 ಮೂಲಪದ. ಸಾಮಾನ್ಯ ಇಂಗ್ಲಿಷ್ ಬರಹದಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ಆ ಪದಗಳೇ ಇರುತ್ತವೆ. ಅದರ ಅರ್ಧವನ್ನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಗಟ್ಟಿ ಮಾಡಿ ಕಳಿಸಿದರೆ ಸಣ್ಣ ಕೆಲಸವಲ್ಲ.

ಆ ಎಂಟನ್ನು ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ತರಗತಿಗೆ ಹೋಗುವ ಮುಂಚೆ ಪೆನ್ಸಿಲ್ ಹಿಡಿದು ಪಾಠದ ಹೊಸ ಪದಗಳನ್ನು ಮೂರು ಗುಂಪು ಮಾಡಿ. ದೋಣಿಯಲ್ಲಿ ಹೊಳೆ ದಾಟಿ ಜಾತ್ರೆಗೆ ಹೋಗುವ ಹುಡುಗನ ಕತೆ ಅನ್ನಿ. ‘ಓರ್’, ‘ಆಂಕ್ಲೆಟ್’ ಈ ಕತೆಗಷ್ಟೇ ಬೇಕಾದವು. ಹುಟ್ಟು, ಕಾಲ್ಗೆಜ್ಜೆ ಎಂದು ಬಾಯಲ್ಲಿ ಹೇಳಿ ಮುಂದೆ ಹೋಗಿ, ಬೋರ್ಡಿಗೂ ಬೇಡ. ‘ಬೋಟ್’, ‘ಟಿಕೆಟ್’, ‘ಬಲೂನ್’ ಗೊತ್ತಿರುವವು. ಸ್ಪೆಲ್ಲಿಂಗ್ ನೋಡಿಕೊಂಡರೆ ಸಾಕು. ಉಳಿದದ್ದು ‘ರೀಚ್’, ‘ಎಂಪ್ಟಿ’, ‘ಕ್ರೌಡ್’, ‘ಸಡನ್ಲಿ’, ‘ವೇಟ್’ ಇಂಥವು. ಮುಂದಿನ ಪಾಠದಲ್ಲೂ ಬೇರೆ ಪುಸ್ತಕದಲ್ಲೂ ಮತ್ತೆ ಮತ್ತೆ ಎದುರಾಗುವ ಪದಗಳು ಇವೇ. ನಿಮ್ಮ ಎಂಟು ಪದ ಈ ಗುಂಪಿನಿಂದ ಬರಲಿ. ಪಾಠದ ಕೊನೆಯ ಪಟ್ಟಿಯಲ್ಲಿ ಮೂರೂ ಬೆರೆತಿರುತ್ತವೆ. ಅದನ್ನು ಹಾಗೇ ಇಳಿಸಿದರೆ ಮಗು ‘ಆಂಕ್ಲೆಟ್’ ಕಲಿತು ‘ವೇಟ್’ ಬಿಟ್ಟಿರುತ್ತದೆ.

40 ನಿಮಿಷದ ಪೀರಿಯಡ್‌ಗೆ ಎರಡು, ಹೆಚ್ಚೆಂದರೆ ಮೂರು ಪದ. ಒಂದಕ್ಕೆ ನಾಲ್ಕೈದು ನಿಮಿಷ ಬೇಕೇ ಬೇಕು. ‘ಎಂಪ್ಟಿ’ಯನ್ನೇ ತೆಗೆದುಕೊಳ್ಳೋಣ. ಬರೆಯುವ ಮೊದಲು ಎರಡು ಮೂರು ಸಲ ಕಿವಿಗೆ ಬೀಳಲಿ, ಮಕ್ಕಳ ಬಾಯಲ್ಲೂ ಬರಲಿ. ‘ಖಾಲಿ’ ಎಂದು ಕನ್ನಡದಲ್ಲಿ ಹೇಳಿಬಿಡಿ. ಆಮೇಲೆ ಬೋರ್ಡಿನಲ್ಲಿ ಬರೆದು ‘ಪಿ’ ಅಕ್ಷರದ ಕೆಳಗೆ ಗೆರೆ ಎಳೆಯಿರಿ, ಏಕೆಂದರೆ ಮಕ್ಕಳು ಬಿಡುವುದು ಅದನ್ನೇ. ಈಗ ಪ್ರಶ್ನೆ. ಒಬ್ಬಳ ನೀರಿನ ಬಾಟಲಿ ಎತ್ತಿ ಹಿಡಿದು ‘ಈಸ್ ದಿಸ್ ಎಂಪ್ಟಿ?’ ಎನ್ನಿ. ಚಾಕ್‌ಪೀಸ್ ಡಬ್ಬಿ ತೋರಿಸಿ, ಯಾರೂ ಕೂರದ ಬೆಂಚು ತೋರಿಸಿ ಅದನ್ನೇ ಕೇಳಿ. ತಳದಲ್ಲಿ ಎರಡು ಗುಟುಕು ನೀರಿರುವ ಬಾಟಲಿಯನ್ನೂ ಬೇಕೆಂದೇ ತೋರಿಸಿ. ಆಗ ಏಳುವ ಜಗಳದಲ್ಲಿ ಪದ ಹತ್ತು ಸಲ ಬಾಯಿಗೆ ಬರುತ್ತದೆ. ಕೊನೆಗೆ ಪ್ರತಿಯೊಬ್ಬರೂ ತಮ್ಮ ಮನೆಯ ಯಾವುದಾದರೂ ವಸ್ತುವಿನ ಮೇಲೆ ಒಂದು ವಾಕ್ಯ ಬರೆಯಲಿ. ಬೋರ್ಡಿನ ವಾಕ್ಯವನ್ನೇ ನಲವತ್ತು ಮಕ್ಕಳೂ ಇಳಿಸಿಕೊಂಡರೆ ಕೈಬರಹ ಸುಧಾರಿಸೀತು, ಅಷ್ಟೇ.

ಇನ್ನು ಮರೆವಿನ ವಿಷಯ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದು 1885ರಲ್ಲೇ ಪ್ರಕಟಿಸಿದರು. ಹೆಚ್ಚಿನ ಭಾಗ ಹೋಗುವುದು ಮೊದಲ ಒಂದೆರಡು ದಿನದಲ್ಲಿ. ಆಮೇಲೆ ಮರೆವು ನಿಧಾನವಾಗುತ್ತದೆ. ನೀವು ಸೋಮವಾರ ಬರೆಸಿ ಶನಿವಾರ ಕೇಳಿದಾಗ ಮಕ್ಕಳು ಹತ್ತಕ್ಕೆ ಹತ್ತು ತೆಗೆಯುವುದು ಶುಕ್ರವಾರ ರಾತ್ರಿ ಓದಿದ್ದರಿಂದ. ಕಲಿಸಿದ ಪೀರಿಯಡ್‌ನ ಕೊನೆಯ ಎರಡು ನಿಮಿಷ, ಮರುದಿನ, ನಾಲ್ಕನೇ ದಿನ, ವಾರದ ಮೇಲೊಮ್ಮೆ, ಮೂರು ವಾರದ ಮೇಲೊಮ್ಮೆ ಪದ ಮತ್ತೆ ಬರಬೇಕು. ಆ ಸಲಗಳಲ್ಲಿ ಓದಿಸಬೇಡಿ, ಕೇಳಿ. ಉತ್ತರ ನೋಡದೆ ನೆನಪಿಗಾಗಿ ತಡಕಾಡಿದಾಗಲೇ ಪದ ಗಟ್ಟಿಯಾಗುವುದು.

ಯಾವ ಪದ ಯಾವ ದಿನ ಎಂದು ತಲೆಯಲ್ಲಿಟ್ಟುಕೊಳ್ಳುವುದು ಆಗದ ಮಾತು. ಅದಕ್ಕೆ ವಿಜ್ಞಾನ ಬರಹಗಾರ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಪ್ರಚಾರಕ್ಕೆ ತಂದ ಡಬ್ಬಿಯ ಉಪಾಯ ಇದೆ. ಶಾಲೆಗೆ ಮೂರು ಡಬ್ಬಿ ಸಾಕು. ಐದು ಮಕ್ಕಳ ಒಂದೊಂದು ಗುಂಪಿಗೆ ಮೂರು ಮೂರು. ಪೋಸ್ಟ್ ಕಾರ್ಡಿನ ಅರ್ಧದಷ್ಟು, ಅಂದರೆ ಸುಮಾರು 7×9 ಸೆಂ.ಮೀ. ಅಳತೆಯ ಬಿಳಿ ಕಾರ್ಡು. ಒಂದು ಕಡೆ ಇಂಗ್ಲಿಷ್ ಪದ. ಹಿಂದೆ ಈ ಪಾಠದಲ್ಲಿ ಅದಕ್ಕಿರುವ ಕನ್ನಡ ಅರ್ಥ, ಕೆಳಗೆ ಆ ಪದದ ಜಾಗ ಬಿಟ್ಟ ಒಂದು ಇಂಗ್ಲಿಷ್ ವಾಕ್ಯ. ಹೊಸ ಕಾರ್ಡು ಮೊದಲ ಡಬ್ಬಿಗೆ. ಅದನ್ನು ದಿನಾ ಐದು ನಿಮಿಷ ಕೇಳಬೇಕು. ಸರಿ ಹೇಳಿದ್ದು ಎರಡನೆಯದಕ್ಕೆ, ಅದು ಬುಧವಾರ ಮತ್ತು ಶನಿವಾರ. ಅಲ್ಲೂ ಸರಿಯಾದದ್ದು ಮೂರನೆಯದಕ್ಕೆ, ಅದು ಹದಿನೈದು ದಿನಕ್ಕೊಮ್ಮೆ. ಯಾವ ಡಬ್ಬಿಯಲ್ಲಿ ತಪ್ಪಿದರೂ ಕಾರ್ಡು ಮೊದಲನೆಯದಕ್ಕೆ ವಾಪಸ್. ಒಂದು ವಾರ ಪದ ತೋರಿಸಿ ಅರ್ಥ ಕೇಳಿದರೆ ಮುಂದಿನ ವಾರ ಕಾರ್ಡು ತಿರುಗಿಸಿ ಹಿಡಿದು ಪದ ಕೇಳಬೇಕು. ಓದಿ ಅರ್ಥ ಹೇಳುವ ಮಗುವಿಗೆ ಬೇಕಾದಾಗ ಅದೇ ಪದ ಬಾಯಿಗೆ ಬರುತ್ತದೆ ಎಂದು ನಂಬುವಂತಿಲ್ಲ.

ಹಳೆಯ ಮದುವೆ ಆಮಂತ್ರಣ ಕತ್ತರಿಸಿ ಕಾರ್ಡು ಮಾಡುವವರಿದ್ದಾರೆ. ಖರ್ಚಿಲ್ಲ, ನಿಜ. ಆದರೆ ಕೆಂಪು ಕಾರ್ಡು ‘ವೇಟ್’, ಚಿನ್ನದ ಅಂಚಿನದು ‘ಕ್ರೌಡ್’ ಎಂದು ಮಕ್ಕಳು ಬಣ್ಣ ನೋಡಿಯೇ ಹೇಳಿಬಿಡುತ್ತಾರೆ! ಮೂಲೆ ಮಡಿಸಿದ, ಅರಿಸಿನ ಹತ್ತಿದ ಕಾರ್ಡುಗಳದ್ದೂ ಇದೇ ಪಾಡು. ಅಂಥವನ್ನು ಆಗಾಗ ಬದಲಾಯಿಸಿ.

ಶನಿವಾರದ ಪರೀಕ್ಷೆಯನ್ನು ಬಿಡಬೇಕಿಲ್ಲ, ಅದರ ಒಳಗು ಬದಲಾಯಿಸಿ. ಹತ್ತರಲ್ಲಿ ಐದು ಈ ವಾರದವು, ಮೂರು ಹೋದ ತಿಂಗಳವು, ಎರಡು ಜೂನ್ ತಿಂಗಳವು. ಪದವನ್ನು ನೀವು ಉಚ್ಚರಿಸಬೇಡಿ. ‘ದ ಬಸ್ ಈಸ್ ಲೇಟ್. ವೀ ಮಸ್ಟ್...’ ಎಂದು ನಿಲ್ಲಿಸಿ. ಉಳಿದದ್ದನ್ನು ಅವರು ಬರೆಯಲಿ. ಮೊದಲ ಎರಡು ವಾರ ಅಂಕ ಬೀಳುತ್ತವೆ. ಅದಕ್ಕೆ ಹೆದರಿ ಹಳೆಯ ಪದ್ಧತಿಗೆ ವಾಪಸ್ ಹೋಗಬೇಡಿ.

ಪ್ರಶ್ನೆ: ಇಂಗ್ಲಿಷ್ ಪೀರಿಯಡ್‌ನಲ್ಲಿ ಒಂದೂ ಕನ್ನಡ ಪದ ಆಡಬಾರದು ಎಂದು ಕೆಲವರು ಹೇಳುತ್ತಾರೆ. ಕನ್ನಡ ಅರ್ಥ ಕೊಡುವುದು ತಪ್ಪೇ?
*ಶಿಕ್ಷಕರು, ಅರಸೀಕೆರೆ*

ತಪ್ಪಲ್ಲ. ‘ಜೆಲಸ್’ ಎಂಬುದನ್ನು ಹತ್ತು ನಿಮಿಷ ಅಭಿನಯಿಸಿ ತೋರಿಸಿದ ಮೇಲೂ ಅರ್ಧ ತರಗತಿ ಅದನ್ನು ‘ಸಿಟ್ಟು’ ಎಂದೇ ಬರೆದುಕೊಳ್ಳುತ್ತದೆ. ‘ಹೊಟ್ಟೆಕಿಚ್ಚು’ ಎಂದರೆ ಒಂದು ಕ್ಷಣದ ಕೆಲಸ, ಉಳಿದ ಹೊತ್ತು ಬಳಕೆಗೆ ಸಿಗುತ್ತದೆ.

ತೊಡಕು ಇರುವುದು ಇನ್ನೊಂದು ಕಡೆ. ಕನ್ನಡದ ಕೆಲವು ಕ್ರಿಯಾಪದಗಳು ಮೈಯೆಲ್ಲ ಕೈ. ‘ಹಾಕು’ ನೋಡಿ: ಅಂಗಿ ಹಾಕುತ್ತೇವೆ, ಲೈಟು ಹಾಕುತ್ತೇವೆ, ಬೀಗ, ರಂಗೋಲಿ, ಚಹಾಕ್ಕೆ ಸಕ್ಕರೆ, ಸೈಕಲ್ಲಿಗೆ ಗಾಳಿ ಎಲ್ಲವನ್ನೂ ಹಾಕುತ್ತೇವೆ, ಕೋಳಿಯೂ ಮೊಟ್ಟೆ ಹಾಕುತ್ತದೆ. ‘ಪುಟ್’ ಅಂದರೆ ‘ಹಾಕು’ ಎಂದು ನೋಟ್ಸ್‌ನಲ್ಲಿ ಒಂದು ಸಲ ಬರೆಸಿದಿರೋ, ‘ಪುಟ್ ದ ಲೈಟ್’, ‘ಪುಟ್ ದ ಲಾಕ್’ ಎಂದು ವರ್ಷಗಟ್ಟಲೆ ಕೇಳಬೇಕಾಗುತ್ತದೆ. ‘ತೆಗೆ’ ಕೂಡ ಹಾಗೆಯೇ. ಬಾಗಿಲು ತೆಗೆದರೆ ‘ಓಪನ್’ ಸರಿ. ಆದರೆ ಚಪ್ಪಲಿ ತೆಗೆಯಲು ‘ಓಪನ್ ದ ಚಪ್ಪಲ್ಸ್’ ಎನ್ನುವ ಮಗು ಕನ್ನಡದ ಲೆಕ್ಕದಲ್ಲಿ ಸರಿಯಾಗಿಯೇ ಯೋಚಿಸಿದೆ. ‘ನೋಡು’ ಎಂಬುದಕ್ಕೆ ಟಿವಿಯ ಮುಂದೆ ‘ವಾಚ್’, ಬೋರ್ಡಿನ ಕಡೆಗಾದರೆ ‘ಲುಕ್ ಆ್ಯಟ್’, ಕಣ್ಣಿಗೆ ಬಿದ್ದರೆ ‘ಸೀ’.

ಆದ್ದರಿಂದ ಕ್ರಿಯಾಪದವನ್ನು ಒಂಟಿಯಾಗಿ ಬರೆಸಬೇಡಿ, ಜೊತೆಯಲ್ಲಿ ಬರುವ ನಾಮಪದದ ಸಮೇತ ಬರೆಸಿ. ‘ವೇರ್’ ಎಂದರೆ ಧರಿಸು ಎನ್ನುವುದಕ್ಕಿಂತ ‘ವೇರ್ ಎ ಶರ್ಟ್, ಶೂಸ್, ಗ್ಲಾಸಸ್, ಬ್ಯಾಂಗಲ್ಸ್’ ಎಂದು ಒಂದೇ ಸಾಲು. ‘ಸ್ವಿಚ್ ಆನ್’ ಮುಂದೆ ಲೈಟ್, ಫ್ಯಾನ್, ಟಿವಿ. ‘ಪಂಪ್’ ಮುಂದೆ ಟೈರು. ಇಷ್ಟೂ ಬೇರೆ ಬೇರೆ ವಾರಗಳಲ್ಲಿ ಕಲಿತಾದ ಮೇಲೆ ನಡುವೆ ‘ಹಾಕು’ ಎಂದು ಬರೆದು ಸುತ್ತ ಇಂಗ್ಲಿಷ್ ಪದಗಳಿರುವ ಚಾರ್ಟ್ ಅನ್ನು ಮಕ್ಕಳಿಂದಲೇ ಮಾಡಿಸಿ. ಚಾರ್ಟ್ ಮೊದಲು ತೂಗುಹಾಕಿ ಪಾಠ ಆಮೇಲೆ ಮಾಡಿದರೆ ಎಲ್ಲವೂ ಕಲಸಿಹೋಗುತ್ತದೆ. ಯಾಕೆಂಬುದು ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಮಗಳು ಏಳನೇ ತರಗತಿ. ‘ಬಾರೋ’ ಮತ್ತು ‘ಲೆಂಡ್’ ಯಾವುದು ಯಾವುದೆಂದು ಎಷ್ಟು ಹೇಳಿಕೊಟ್ಟರೂ ತಿರುವುಮುರುವು ಮಾಡುತ್ತಾಳೆ. ಎರಡನ್ನೂ ಪಕ್ಕಪಕ್ಕ ಇಟ್ಟು ವಿವರಿಸಿದ್ದೇನೆ.
*ಗೃಹಿಣಿ, ಧಾರವಾಡ*

ಪಕ್ಕಪಕ್ಕ ಇಟ್ಟದ್ದೇ ತೊಂದರೆ. ಎರಡೂ ಹೊಸ ಪದ, ಎರಡಕ್ಕೂ ಕನ್ನಡದಲ್ಲಿ ‘ಸಾಲ’, ಎರಡೂ ಒಂದೇ ದಿನ ತಲೆಗೆ ಹೋದವು. ಎರಡು ಪದ ಇವೆ ಎಂಬುದು ನೆನಪಿರುತ್ತದೆ, ಯಾವುದಕ್ಕೆ ಯಾವ ಅರ್ಥ ಎಂಬುದು ಅದಲುಬದಲಾಗುತ್ತದೆ. ಅರ್ಥದಲ್ಲಿ ಹತ್ತಿರದ ಹೊಸ ಪದಗಳನ್ನು ಒಟ್ಟಿಗೆ ಕಲಿಸಿದರೆ ಕಲಿಕೆ ನಿಧಾನವಾಗುತ್ತದೆಂದು 1990ರ ದಶಕದಲ್ಲಿ ಟಿಂಕಮ್, ವೇರಿಂಗ್ ಮುಂತಾದ ಸಂಶೋಧಕರು ಪ್ರಯೋಗ ಮಾಡಿಯೇ ತೋರಿಸಿದ್ದಾರೆ. ‘ಲೆಫ್ಟ್’, ‘ರೈಟ್’ ಗೊಂದಲವೂ ಇದೇ ಜಾತಿಯದು. ಹನ್ನೆರಡು ಬಣ್ಣ, ಹದಿನೈದು ಹಣ್ಣಿನ ಹೆಸರು ಒಂದೇ ದಿನ ಬರೆಸುವ ರೂಢಿಯನ್ನೂ ಇದೇ ಕಾರಣಕ್ಕೆ ಕೈಬಿಡುವುದು ಒಳ್ಳೆಯದು.

ಈಗ ಬಿಡಿಸುವುದು ಹೇಗೆ? ಎರಡು ವಾರ ‘ಲೆಂಡ್’ ಪದವನ್ನು ಮನೆಯಲ್ಲಿ ಎತ್ತಲೇಬೇಡಿ. ‘ಬಾರೋ’ ಒಂದನ್ನೇ, ಅದೂ ‘ಫ್ರಂ’ ಸಮೇತ ಬಳಸಿ: ಲೈಬ್ರರಿಯಿಂದ ಪುಸ್ತಕ, ಗೆಳತಿಯಿಂದ ಸ್ಕೇಲು, ಪಕ್ಕದ ಮನೆಯಿಂದ ಏಣಿ. ತಂದದ್ದನ್ನೆಲ್ಲ ‘ಐ ಬಾರೋಡ್ ಇಟ್ ಫ್ರಂ...’ ಎಂದು ಅವಳೇ ಹೇಳಲಿ. ಅದು ಯೋಚಿಸದೆ ಬಾಯಿಗೆ ಬರುವಂತಾದ ಮೇಲೆ ‘ಲೆಂಡ್ ಮೀ’ ಎಂಬ ಜೋಡಿಯನ್ನು ಹಿಡಿಯಿರಿ. ಎರಡನ್ನೂ ಹೋಲಿಸಿ ತೋರಿಸುವುದು ಕಟ್ಟಕಡೆಗೆ.

ಪ್ರಶ್ನೆ: ತಪ್ಪಾದ ಸ್ಪೆಲ್ಲಿಂಗನ್ನು ಹತ್ತು ಸಲ ಬರೆಸುತ್ತೇವೆ. ಹನ್ನೊಂದನೇ ಸಲ ಮತ್ತೆ ಅದೇ ತಪ್ಪು. ಇನ್ನೊಂದು ವಿಷಯ: ಉಚ್ಚಾರಣೆಯನ್ನು ಪದದ ಮೇಲೆ ಕನ್ನಡದಲ್ಲಿ ಬರೆದುಕೊಳ್ಳಲು ಬಿಡಬಹುದೇ?
*ಶಿಕ್ಷಕಿ, ಪುತ್ತೂರು*

ಹತ್ತು ಸಲ ಬರೆಯುವ ಮಗುವಿನ ಪಕ್ಕ ನಿಂತು ನೋಡಿ. ಮೊದಲ ಅಕ್ಷರವನ್ನು ಮೇಲಿನಿಂದ ಕೆಳಗೆ ಹತ್ತು ಸಾಲಿಗೂ ಬರೆದು, ಆಮೇಲೆ ಎರಡನೇ ಅಕ್ಷರವನ್ನು ಹತ್ತು ಸಾಲಿಗೆ ಇಳಿಸುತ್ತಿರುತ್ತದೆ. ಇಡೀ ಪದವನ್ನು ಅದು ಒಂದು ಸಲವೂ ಬರೆದಿರುವುದಿಲ್ಲ! ಮೇಲಿನ ಸಾಲಲ್ಲೇ ತಪ್ಪಿದ್ದರೆ ತಪ್ಪೂ ಹತ್ತು ಸಲ ಗಟ್ಟಿಯಾಯಿತು.

ಬದಲಿಗೆ ಮೂರೇ ಸಲ, ಹೀಗೆ: ಪದವನ್ನು ನೋಡು, ತುಂಡು ಮಾಡಿ ಹೇಳು, ಕೈಯಿಂದ ಮುಚ್ಚು, ಪೂರ್ತಿ ಬರೆ, ತೆರೆದು ಅಕ್ಷರ ಅಕ್ಷರ ತಾಳೆ ನೋಡು. ಸರಿಯಿಲ್ಲದಿದ್ದರೆ ಅಳಿಸಿ ಮತ್ತೆ ಮೊದಲಿಂದ. ತುಂಡು ಮಾಡುವಾಗ ಬರಹದಂತೆಯೇ ಓದಿಸಿದರೂ ನಡೆಯುತ್ತದೆ. ಬುಧವಾರದ ಇಂಗ್ಲಿಷ್ ಪದವನ್ನು ಬರೆಯುವಾಗ ಮಾತ್ರ ‘ವೆಡ್-ನೆಸ್-ಡೇ’ ಎಂದುಕೊಂಡರೆ ನಡುವಿನ ‘ಡಿ’ ತಪ್ಪುವುದಿಲ್ಲ. ಮಗು ತಪ್ಪುವುದು ಸಾಮಾನ್ಯವಾಗಿ ಪದದ ಒಂದೇ ಜಾಗದಲ್ಲಿ. ಆ ಜಾಗಕ್ಕಷ್ಟೇ ಬಣ್ಣದ ಪೆನ್ಸಿಲ್ ಸಾಕು.

ಕನ್ನಡದಲ್ಲಿ ಬರೆದುಕೊಳ್ಳಲು ಬಿಡಿ, ಪೆನ್ಸಿಲ್‌ನಲ್ಲಿ ಮಾತ್ರ, ಒಂದು ವಾರದ ಮಟ್ಟಿಗೆ. ವಾರದ ಕೊನೆಗೆ ಅಳಿಸಿಬಿಡಬೇಕು. ಇಲ್ಲವಾದರೆ ಕಣ್ಣು ಕನ್ನಡವನ್ನೇ ಓದುತ್ತದೆ, ಕೆಳಗಿನ ಇಂಗ್ಲಿಷ್ ಅಕ್ಷರ ನೋಡುವುದೇ ಇಲ್ಲ. ಕನ್ನಡ ಲಿಪಿಯಲ್ಲಿ ಸಿಗದ ಸಂಗತಿಗಳೂ ಇವೆ: ‘ವಿ’ ಮತ್ತು ‘ಡಬ್ಲ್ಯು’ ಎರಡಕ್ಕೂ ನಾವು ಬರೆಯುವುದು ‘ವ’. ‘ವೆಟ್’ ಎಂದರೆ ಒದ್ದೆಯೋ ಪಶುವೈದ್ಯರೋ, ಬರಹದಿಂದ ತಿಳಿಯುವುದಿಲ್ಲ. ಪದದ ಯಾವ ಭಾಗಕ್ಕೆ ಒತ್ತು ಎಂಬುದಂತೂ ಕಾಣುವುದೇ ಇಲ್ಲ. ಅದನ್ನು ಕೇಳಿಯೇ ಕಲಿಯಬೇಕು.

ಪ್ರಶ್ನೆ: ಮಗ ಐದನೇ ತರಗತಿವರೆಗೆ ಕನ್ನಡ ಮಾಧ್ಯಮ. ಈ ವರ್ಷ ಇಂಗ್ಲಿಷ್ ಮಾಧ್ಯಮದ ಆದರ್ಶ ವಿದ್ಯಾಲಯದಲ್ಲಿ ಆರನೇ ತರಗತಿಗೆ ಸೇರಿದ್ದಾನೆ. ವಿಷಯ ಗೊತ್ತಿದ್ದರೂ ವಿಜ್ಞಾನದ ಪ್ರಶ್ನೆಯೇ ಅರ್ಥವಾಗುವುದಿಲ್ಲ ಅನ್ನುತ್ತಾನೆ. ಎಲ್ಲಿಂದ ಹಿಡಿಯಬೇಕು?
*ಪೋಷಕರು, ಸಿಂಧನೂರು*

ಪ್ರಶ್ನೆಯ ಪದಗಳಿಂದಲೇ. ಪಾರಿಭಾಷಿಕ ಪದಗಳಿಗೆ ಹೆಚ್ಚಿನವರು ಹೆದರುತ್ತಾರೆ, ನಿಜಕ್ಕೂ ಅವು ಸುಲಭ: ‘ಫೋಟೊಸಿಂಥಸಿಸ್’ ಎಷ್ಟೇ ಉದ್ದವಿದ್ದರೂ ಅದಕ್ಕೆ ಒಂದೇ ಅರ್ಥ, ಮೇಷ್ಟ್ರು ಅದನ್ನು ಹೇಗೂ ವಿವರಿಸುತ್ತಾರೆ. ಯಾರೂ ವಿವರಿಸದೆ ಬಿಡುವುದು ‘ಡಿಫೈನ್’, ‘ಡಿಸ್ಕ್ರೈಬ್’, ‘ಕಂಪೇರ್’, ‘ಲಿಸ್ಟ್’, ‘ಲೇಬಲ್’, ‘ಗಿವ್ ರೀಸನ್ಸ್’ ಇಂಥವನ್ನು. ಎಲ್ಲ ಸೇರಿ ಹದಿನೈದರೊಳಗೆ. ಒಂದೊಂದರ ಎದುರಿಗೂ ಉತ್ತರ ಹೇಗಿರಬೇಕೆಂದು ಕನ್ನಡದಲ್ಲೇ ಬರೆದು ಓದುವ ಜಾಗದ ಗೋಡೆಗೆ ಅಂಟಿಸಿ: ‘ಲಿಸ್ಟ್’ ಬಂದರೆ ಹೆಸರುಗಳಷ್ಟೇ, ವಿವರಣೆ ಬೇಡ; ‘ಕಂಪೇರ್’ ಬಂದರೆ ಹೋಲಿಕೆ, ವ್ಯತ್ಯಾಸ ಎರಡೂ.

ಎರಡನೆಯದು, ಗೊತ್ತಿರುವ ಪದಗಳ ಮೋಸ. ‘ಟೇಬಲ್’ ಅಂದರೆ ಮೇಜು ಎಂದು ಅವನಿಗೆ ಒಂದನೇ ತರಗತಿಯಿಂದ ಗೊತ್ತು; ಪುಸ್ತಕದಲ್ಲಿ ಅದು ಕೋಷ್ಟಕ. ‘ಸ್ಟೇಟ್ ಟ್ರೂ ಆರ್ ಫಾಲ್ಸ್’ ಎಂಬಲ್ಲಿ ರಾಜ್ಯ ಎಲ್ಲಿಂದ ಬಂತು ಎಂದು ಮಗು ತಲೆ ಕೆರೆದುಕೊಳ್ಳುತ್ತದೆ. ‘ಸೆಲ್’ ಒಂದು ಪಾಠದಲ್ಲಿ ಟಾರ್ಚಿನದು, ಇನ್ನೊಂದರಲ್ಲಿ ಜೀವಕೋಶ. ‘ಸಲ್ಯೂಷನ್’ ಗಣಿತದಲ್ಲಿ ಪರಿಹಾರ, ವಿಜ್ಞಾನದಲ್ಲಿ ದ್ರಾವಣ. ‘ವಾಲ್ಯೂಮ್’ ಅವನ ಮಟ್ಟಿಗೆ ಟಿವಿಯ ಸದ್ದು, ಇಲ್ಲಿ ಗಾತ್ರ. ನೋಟ್‌ಬುಕ್ಕಿನ ಹಿಂದಿನ ಎರಡು ಪುಟ ಇಂಥವಕ್ಕೇ ಬಿಡಿ, ಮೂರು ಕಾಲಂ: ಪದ, ಮನೆಯ ಅರ್ಥ, ಪುಸ್ತಕದ ಅರ್ಥ.

ಕನ್ನಡ ಮಾಧ್ಯಮದ ಆರನೇ ತರಗತಿ ವಿಜ್ಞಾನ ಪುಸ್ತಕವನ್ನೂ ತಂದಿಡಿ. ನಾಳೆಯ ಪಾಠವನ್ನು ಇಂದು ಕನ್ನಡದಲ್ಲಿ ಓದಿಕೊಂಡು ಹೋದರೆ ಅವನ ಗಮನವೆಲ್ಲ ಇಂಗ್ಲಿಷ್ ಪದಕ್ಕೆ ಸಿಗುತ್ತದೆ. ‘ಅನ್‌ಲೆಸ್’, ‘ಆಲ್ದೋ’, ‘ದೇರ್‌ಫೋರ್’ ಎಂಬ ಜೋಡಿಸುವ ಪದಗಳನ್ನು ಮಾತ್ರ ಇಂಗ್ಲಿಷ್ ಶಿಕ್ಷಕರಿಂದ ಕೇಳಿ ತಿಳಿಯಲಿ. ಅವನ್ನು ತಪ್ಪಾಗಿ ಓದಿದರೆ ವಾಕ್ಯದ ಅರ್ಥವೇ ಉಲ್ಟಾ ಆಗುತ್ತದೆ.

ಪ್ರಶ್ನೆ: ಎಂಟನೇ ತರಗತಿಯವರಿಗೆ ಪದದ ಹಿಂದೆ ಮುಂದೆ ಸೇರುವ ತುಣುಕುಗಳನ್ನು ಕಲಿಸಿದರೆ ಪದಗಳು ಬೇಗ ಹೆಚ್ಚುತ್ತವೆಯೇ?
*ಶಿಕ್ಷಕರು, ತಿಪಟೂರು*

ಹೆಚ್ಚುತ್ತವೆ, ಮಿತಿಯಲ್ಲಿ. ಮುಂದೆ ಸೇರುವವುಗಳಲ್ಲಿ ‘ಅನ್’, ‘ರೀ’, ‘ಡಿಸ್’. ಹಿಂದೆ ‘ಫುಲ್’, ‘ಲೆಸ್’, ‘ನೆಸ್’, ‘ಅರ್’. ಈ ಏಳು ಸಾಕು. ಕನ್ನಡದಲ್ಲೂ ಇಂಥ ಕಟ್ಟಣೆ ಇರುವುದರಿಂದ ಮಕ್ಕಳಿಗೆ ಹೊಸದಲ್ಲ: ಓಟಗಾರ, ಹಾಡುಗಾರ, ಬರಹಗಾರ ಗೊತ್ತಿದ್ದವರಿಗೆ ‘ರನ್ನರ್’, ‘ಸಿಂಗರ್’, ‘ರೈಟರ್’ ತಾನಾಗಿ ಹತ್ತುತ್ತದೆ. ಮೂಲಪದ ಗೊತ್ತಿದ್ದರೆ ಮಾತ್ರ ಇದು ಫಲ ಕೊಡುವುದು. ‘ಗ್ರೇಟ್‌ಫುಲ್’ ಇಂಥದ್ದರಿಂದ ಶುರು ಮಾಡಬೇಡಿ.

ನಿಯಮ ಸಿಕ್ಕಿದ ಕೂಡಲೇ ಮಕ್ಕಳು ಎಲ್ಲದಕ್ಕೂ ಅಂಟಿಸುತ್ತಾರೆ. ‘ಮೈ ಮದರ್ ಈಸ್ ಎ ಗುಡ್ ಕುಕ್ಕರ್’ ಎಂಬುದು ಪ್ರತಿ ತರಗತಿಯಲ್ಲೂ ಬಂದೇ ಬರುವ ವಾಕ್ಯ. ಅಡುಗೆ ಮಾಡುವವರು ‘ಕುಕ್’, ಸೀಟಿ ಹಾಕುವುದು ‘ಕುಕ್ಕರ್’. ‘ಅಂಕಲ್’ ಪದದಲ್ಲಿ ‘ಅನ್’ ಹುಡುಕುವವರೂ ಸಿಗುತ್ತಾರೆ, ಏಕೆಂದರೆ ಬರಹದಲ್ಲಿ ಅಲ್ಲಿರುವುದೂ ಅದೇ ‘ಯು’, ‘ಎನ್’. ತುಣುಕು ತೆಗೆದ ಮೇಲೆ ಉಳಿದದ್ದು ಅರ್ಥವಿರುವ ಪದವೇ ಎಂದು ಪ್ರತಿ ಸಲ ಕೇಳಿ. ‘ಕಲ್’ ಎಂಬ ಪದ ಅವರಿಗೆ ಗೊತ್ತಿಲ್ಲ, ಆದ್ದರಿಂದ ಅಲ್ಲಿಗೆ ಬಿಡಬೇಕು.

ಪ್ರಶ್ನೆ: ಯಾವ ನಿಘಂಟು ಕೊಡಿಸಬೇಕು? ಮೊಬೈಲ್ ಸಾಕೇ?
*ಪೋಷಕರು, ಬೆಂಗಳೂರು*

ಆರನೇ ತರಗತಿವರೆಗೆ ಚಿಕ್ಕ ಇಂಗ್ಲಿಷ್–ಕನ್ನಡ ನಿಘಂಟು. ಏಳರಿಂದ ಅದರ ಜೊತೆಗೆ ಇಂಗ್ಲಿಷ್ ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟು. ಅಂಥವುಗಳಲ್ಲಿ ವಿವರಣೆಯನ್ನು ಎರಡು ಮೂರು ಸಾವಿರ ಸುಲಭ ಪದಗಳೊಳಗೇ ಬರೆದಿರುತ್ತಾರೆ, ಉದಾಹರಣೆ ವಾಕ್ಯವೂ ಇರುತ್ತದೆ. ಉದಾಹರಣೆ ವಾಕ್ಯ ಇಲ್ಲದ ಪುಸ್ತಕ ಅಗ್ಗಕ್ಕೆ ಸಿಕ್ಕರೂ ಬೇಡ.

ಮೊಬೈಲ್ ಉಚ್ಚಾರಣೆ ಕೇಳಲು ಒಳ್ಳೆಯದು. ಅರ್ಥಕ್ಕೆ ಬಂದಾಗ ಪುಸ್ತಕವಾಗಲಿ ಮೊಬೈಲಾಗಲಿ ಮಕ್ಕಳು ಮಾಡುವ ತಪ್ಪು ಒಂದೇ, ಮೊದಲು ಕಂಡ ಅರ್ಥವನ್ನು ಬರೆದುಕೊಂಡು ಎದ್ದುಬಿಡುತ್ತಾರೆ. ‘ಫೇರ್’ಗೆ ಜಾತ್ರೆ, ನ್ಯಾಯವಾದ, ಬೆಳ್ಳಗಿನ ಎಂದು ಮೂರು ಅರ್ಥವಿದ್ದರೆ ಮೂರನ್ನೂ ವಾಕ್ಯದಲ್ಲಿಟ್ಟು ಓದಿ ನೋಡಲಿ. ಹೊಂದುವುದನ್ನು ಮಾತ್ರ ಬರೆದುಕೊಂಡು, ಪಕ್ಕದಲ್ಲಿ ಆ ವಾಕ್ಯವನ್ನೂ ಪುಟದ ಸಂಖ್ಯೆಯನ್ನೂ ಗುರುತು ಹಾಕಿಕೊಳ್ಳಲಿ.